ಪಿಕಪ್ ಗಾಡಿ ತಗೊಳ್ಳೋ ಮುಂಚೆ ಮೈಲೇಜು, ಲೋಡು, ಸಾಲ, ಮಾರೋ ಬೆಲೆ ಎಲ್ಲಾ ಲೆಕ್ಕ ಹಾಕೋದು ಹೇಗೆ

ನಮ್ಮ ಕೋಲಾರದ ಕಡೆ ಯಾರಾದ್ರೂ ಹೊಸ ಪಿಕಪ್ ತಂದು ಮನೆ ಮುಂದೆ ನಿಲ್ಲಿಸಿದ್ರೆ, ನಿಂಬೆಹಣ್ಣು ಹತ್ತಿಸಿ ಪೂಜೆ ಮುಗಿಯೋಕೆ ಮುಂಚೆನೇ ಜನ ಕೇಳೋ ಮೊದಲ್ನೇ ಪ್ರಶ್ನೆ "ಎಷ್ಟು ಕೊಡುತ್ತೆ?" ಅಂತ, ಅಂದ್ರೆ ಲೀಟರಿಗೆ ಎಷ್ಟು ಕಿ.ಮೀ. ನಾನೂ ಮೊದಲ್ನೇ ಗಾಡಿ ತಗೊಂಡಾಗ ಆ ಒಂದೇ ಪ್ರಶ್ನೆ ಕೇಳ್ಕೊಂಡು ಹೋದೆ, ಶೋರೂಮಲ್ಲಿದ್ದ ಹುಡುಗ 20 ಕೊಡುತ್ತೆ ಸಾರ್ ಅಂದ, ನಂಬಿ ಅಡ್ವಾನ್ಸ್ ಕೊಟ್ಟು ಬಂದೆ, ಲೋಡ್ ಹಾಕಿ ಬೆಂಗಳೂರಿಗೆ ಮೂರು ಟ್ರಿಪ್ ಹೊಡೆದು ಲೆಕ್ಕ ಹಾಕಿದ್ರೆ 13 ಬಂತು. ಅವನು ಹೇಳಿದ 20 ಖಾಲಿ ಗಾಡಿಗೆ, ಒಬ್ಬನೇ ಡ್ರೈವರ್ ಕೂತು ನೀಟಾದ ರೋಡಲ್ಲಿ ಓಡಿಸಿದ್ರೆ. ನಾನು ಗಾಡಿ ತಗೊಂಡಿದ್ದು ಖಾಲಿ ಓಡಿಸೋಕಲ್ವಲ್ಲ. ಆಮೇಲೆ ಎರಡನೇ ಗಾಡಿ, ತಮ್ಮನಿಗೊಂದು, ಸ್ನೇಹಿತರಿಗೆ ನಾಲ್ಕೈದು ಗಾಡಿ ಆಯ್ಕೆ ಮಾಡಿಕೊಡೋ ಹೊತ್ತಿಗೆ ಒಂದು ಪದ್ಧತಿ ಕೈಗೆ ಹತ್ತಿದೆ, ಅದನ್ನೇ ಇಲ್ಲಿ ಹಂತ ಹಂತವಾಗಿ ಬರೀತಿದೀನಿ.

ಇದು ಬಾಡಿಗೆಗೋ ಸ್ವಂತ ಬೆಳೆ ಸಾಗಿಸೋಕೋ ಗಾಡಿ ತಗೊಳ್ಳೋರಿಗೆ. ಬೊಲೆರೋ ಪಿಕಪ್, ದೋಸ್ತ್, ಇಂಟ್ರಾ, ಏಸ್, ಸೂಪರ್ ಕ್ಯಾರಿ, ವೀರೋ ಈ ಥರದ್ದು. ಹೈಲಕ್ಸ್, ವಿ-ಕ್ರಾಸ್ ಥರ ಐದು ಜನ ಕೂರೋ ಪಿಕಪ್ ಕಥೆ ಬೇರೆ, ಎಸ್ಟೇಟ್ ಇರೋರು, ಬೆಟ್ಟ ಗುಡ್ಡ ಹತ್ತೋರು ತಗೋತಾರೆ. ಹೈಲಕ್ಸ್ ಜೋಡಿಸೋದು ನಮ್ಮ ಬಿಡದಿಯಲ್ಲೇ ಅನ್ನೋದು ಖುಷಿ ವಿಷಯ, ಆದ್ರೆ ಅದರಲ್ಲಿ ಟೊಮೆಟೊ ತುಂಬಿ ಕಾಸು ಮಾಡೋಕೆ ಆಗಲ್ಲ.

ಹಂತ 1: ಗಾಡಿ ನೋಡೋಕೆ ಮುಂಚೆ ನಿಮ್ಮ ಲೋಡ್ ನೋಡಿ

ಒಂದು ನೋಟ್‌ಬುಕ್ ತಗೊಂಡು ಹದಿನೈದು ದಿನ ಬರೀರಿ. ಯಾವ ಮಾಲು, ಎಷ್ಟು ತೂಕ, ಎಷ್ಟು ದೂರ, ಬರೋವಾಗ ಖಾಲಿನಾ ರಿಟರ್ನ್ ಲೋಡ್ ಇತ್ತಾ, ಮಂಡೀಲಿ ಎಷ್ಟು ಹೊತ್ತು ನಿಂತಿತ್ತು. ಈಗ ಬೇರೆಯವರ ಗಾಡೀಲಿ ಕಳಿಸ್ತಿದ್ರೂ ಪರವಾಗಿಲ್ಲ, ಬರೀರಿ.

ತೂಕದ ವಿಷಯದಲ್ಲಿ ನಾವೆಲ್ಲ ಅಂದಾಜಲ್ಲೇ ಇರ್ತೀವಿ, ಅಲ್ಲೇ ತಪ್ಪೋದು. ಕೋಲಾರ ಎಪಿಎಂಸಿಲಿ ಟೊಮೆಟೊ ಹರಾಜಾಗೋದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಅಲ್ವಾ, 100 ಬಾಕ್ಸ್ ಅಂದ್ರೆ ಒಂದೂವರೆ ಟನ್ ಅಂತ ಬಾಯಲ್ಲಿ ಹೇಳ್ತೀವಿ, ಆದ್ರೆ ಪ್ಲಾಸ್ಟಿಕ್ ಕ್ರೇಟೇ ಒಂದೂವರೆಯಿಂದ ಎರಡು ಕೆಜಿ ತೂಗುತ್ತೆ, ಅಂದ್ರೆ 100 ಬಾಕ್ಸಿಗೆ 1,700 ಕೆಜಿ ಹತ್ತಿರ ಬಂತು. ಅದರ ಮೇಲೆ ಟಾರ್ಪಾಲ್, ಹಗ್ಗ, ಜೊತೆಗೆ ಹೋಗೋ ಒಬ್ಬರೋ ಇಬ್ಬರೋ. 1.3 ಟನ್ ಗಾಡಿ ತಗೊಂಡು 100 ಬಾಕ್ಸ್ ಹಾಕ್ತೀನಿ ಅನ್ನೋರು ಅವತ್ತಿಂದಲೇ ಓವರ್‌ಲೋಡಲ್ಲಿ ಓಡಿಸ್ತಿದಾರೆ ಅಂತ ಅರ್ಥ. ಒಂದು ಸಲ ವೇ ಬ್ರಿಡ್ಜ್ ಮೇಲೆ ಹತ್ತಿಸಿ ನೋಡಿ, ಸ್ವಲ್ಪ ದುಡ್ಡಲ್ಲಿ ಎಲ್ಲಾ ಅನುಮಾನ ಹೋಗುತ್ತೆ.

ಹದಿನೈದು ದಿನ ಆದ್ಮೇಲೆ ಸರಾಸರಿ ಲೋಡ್ ಎಷ್ಟು, ಜಾಸ್ತಿ ಅಂದ್ರೆ ಎಷ್ಟು ಅಂತ ಎರಡು ಅಂಕಿ ಸಿಗುತ್ತೆ. ಗಾಡಿ ತಗೋಬೇಕಾಗಿರೋದು ಸರಾಸರಿಗಿಂತ ಸ್ವಲ್ಪ ಮೇಲಕ್ಕೆ. ಸುಗ್ಗೀಲಿ ವರ್ಷಕ್ಕೆ ಇಪ್ಪತ್ತು ದಿನ ಬರೋ ದೊಡ್ಡ ಲೋಡಿಗೆ ಅಂತ ದೊಡ್ಡ ಗಾಡಿ ತಗೊಂಡ್ರೆ ಮಿಕ್ಕಿದ ದಿನ ಎಲ್ಲಾ ಬಿಳಿ ಆನೆ ಸಾಕಿದಂಗೆ. ಆ ಇಪ್ಪತ್ತು ದಿನ ಎರಡು ಟ್ರಿಪ್ ಹೊಡೀರಿ, ಇಲ್ಲಾ ಬಾಡಿಗೆ ಗಾಡಿ ಕರೆಸಿ.

ಹಂತ 2: ಪೇಲೋಡ್ ಯಾವುದು, ಜಿವಿಡಬ್ಲ್ಯೂ ಯಾವುದು ತಿಳ್ಕೊಳ್ಳಿ

ಆರ್‌ಸಿಲಿ ಎರಡು ತೂಕ ಇರುತ್ತೆ. ಖಾಲಿ ಗಾಡಿ ತೂಕ ಒಂದು, ಲೋಡ್ ಸಮೇತ ಒಟ್ಟು ತೂಕ ಇನ್ನೊಂದು, ಈ ಒಟ್ಟು ತೂಕಾನೇ ಜಿವಿಡಬ್ಲ್ಯೂ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದ್ರೆ ಬರೋದು ನೀವು ಹಾಕಬಹುದಾದ ಲೋಡು, ಅದೇ ಪೇಲೋಡ್. ಕ್ಯಾಬಿನ್ ಚಾಸಿ (ಹಿಂದೆ ಬಾಡಿ ಇಲ್ಲದ ಗಾಡಿ) ತಗೊಂಡು ಹೊರಗಡೆ ಬಾಡಿ ಕಟ್ಟಿಸೋರು ಹುಷಾರಾಗಿರಿ, ದಪ್ಪ ಕಬ್ಬಿಣ ಹಾಕಿ ಗಟ್ಟಿಮುಟ್ಟಾಗಿ ಕಟ್ಟಿಸಿದ್ರೆ ಆ ಬಾಡಿ ತೂಕ ಎಲ್ಲಾ ನಿಮ್ಮ ಲೋಡಿಂದನೇ ಕಡಿತ, ಮೇಲಿಂದ ಆ ಕಬ್ಬಿಣಾನ ದಿನಾ ಖಾಲಿ ಬರೋವಾಗಲೂ ಡೀಸೆಲ್ ಹಾಕಿ ಎಳೀತಿರ್ತೀರ.

ಮಾರ್ಕೆಟ್‌ನಲ್ಲಿರೋ ಗಾಡಿಗಳು ಹೆಚ್ಚುಕಮ್ಮಿ ಮೂರು ಗುಂಪು. ಮುಕ್ಕಾಲು ಟನ್ ಗುಂಪಲ್ಲಿ ಟಾಟಾ ಏಸ್, ಮಾರುತಿ ಸೂಪರ್ ಕ್ಯಾರಿ, ಮಹೀಂದ್ರಾ ಜೀತೋ. ಏಸ್ 2005ರಲ್ಲಿ ಬಂದಾಗಿಂದ ಛೋಟಾ ಹಾಥಿ ಅಂತಲೇ ಫೇಮಸ್ಸು, 2025ರಲ್ಲಿ 3.99 ಲಕ್ಷ ಶುರುವಿನ ಬೆಲೆಗೆ ಬಂದ ಏಸ್ ಪ್ರೋ 750 ಕೆಜಿ ಹೊರುತ್ತೆ. ಮಧ್ಯದ ಗುಂಪು ಒಂದರಿಂದ ಒಂದೂವರೆ ಟನ್ನಿಂದು, ಇದರಲ್ಲೇ ಪೈಪೋಟಿ ಜಾಸ್ತಿ. ಟಾಟಾ ಇಂಟ್ರಾ ವಿ30 1.3 ಟನ್, ವಿ50 1.5 ಟನ್, ಎರಡಕ್ಕೂ 1,496 ಸಿಸಿ ನಾಲ್ಕು ಸಿಲಿಂಡರ್ ಡೀಸೆಲ್. ಅಶೋಕ್ ಲೇಲ್ಯಾಂಡ್ ದೋಸ್ತ್ 2011ರಿಂದ ಇದೆ, 1,478 ಸಿಸಿ ಮೂರು ಸಿಲಿಂಡರ್, ಪಕ್ಕದ ಹೊಸೂರಲ್ಲೇ ತಯಾರಾಗೋದು. ಮಹೀಂದ್ರಾ ವೀರೋ 2024ರಲ್ಲಿ ಬಂತು. ಮೂರನೇ ಗುಂಪು 1.7 ಟನ್ನಿಂದ 2 ಟನ್, ಬೊಲೆರೋ ಪಿಕಪ್ಪಿನ ದೊಡ್ಡ ಮಾಡೆಲ್‌ಗಳು, ಮ್ಯಾಕ್ಸ್ ಎಚ್‌ಡಿ, ಬಡಾ ದೋಸ್ತ್ ಇವೆಲ್ಲ. ಹಳೇ ಬೊಲೆರೋ ಪಿಕಪ್ಪಿಗೆ 2,523 ಸಿಸಿ ಎಂಜಿನ್ನು, ಕಮ್ಮಿ ಆರ್‌ಪಿಎಂನಲ್ಲೇ ಎಳೆಯುತ್ತೆ, ಹೊಲದ ದಾರೀಲಿ ಲೋಡ್ ಸಮೇತ ಮೊದಲ್ನೇ ಗೇರಲ್ಲಿ ಮೇಲೆ ಎದ್ದು ಬರೋವಾಗ ಆ ದೊಡ್ಡ ಎಂಜಿನ್ ಬೆಲೆ ಗೊತ್ತಾಗುತ್ತೆ.

ಇಲ್ಲೊಂದು ಗೆರೆ ಜ್ಞಾಪಕ ಇಟ್ಕೊಳ್ಳಿ, 3,000 ಕೆಜಿ. ಜಿವಿಡಬ್ಲ್ಯೂ ಇದಕ್ಕಿಂತ ಒಳಗಿದ್ರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 66ರ ಪ್ರಕಾರ ಗೂಡ್ಸ್ ಪರ್ಮಿಟ್ ಬೇಕಾಗಿಲ್ಲ. ಇಂಟ್ರಾ ವಿ50 ಒಟ್ಟು ತೂಕ 2,940 ಕೆಜಿ ಇಟ್ಟಿರೋದು ಸುಮ್ನೆ ಅಲ್ಲ. 1.7 ಟನ್, 2 ಟನ್ ಗಾಡಿಗಳು ಆ ಗೆರೆ ದಾಟ್ತವೆ, ಪರ್ಮಿಟ್ ಖರ್ಚು, ಓಡಾಟ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಡ್ರೈವಿಂಗ್ ಲೈಸೆನ್ಸ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ, 7,500 ಕೆಜಿ ಒಳಗಿನ ಸರಕು ಗಾಡಿನ ಎಲ್‌ಎಂವಿ (ಲಘು ವಾಹನ) ಲೈಸೆನ್ಸಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 2024ರ ನವೆಂಬರಲ್ಲಿ ಸ್ಪಷ್ಟವಾಗಿ ಹೇಳಿದೆ.

ಓವರ್‌ಲೋಡ್ ಹಾಕಿ ಮೈಲೇಜ್ ಲಾಭ ಮಾಡ್ತೀನಿ ಅನ್ನೋರಿಗೆ: 2019ರ ತಿದ್ದುಪಡಿ ಆದ್ಮೇಲೆ ಕಾಯ್ದೇಲಿರೋ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000, ಜೊತೆಗೆ ಮಾಲು ಇಳಿಸಿದ್ಮೇಲೇ ಗಾಡಿ ಬಿಡೋದು. ದಂಡಕ್ಕಿಂತ ನನಗೆ ಭಯ ಬ್ರೇಕಿಂದು, ತುಂಬಿದ ಗಾಡಿ ಇಳಿಜಾರಲ್ಲಿ ನಿಲ್ಲದೇ ಹೋಗೋದನ್ನ ಕಣ್ಣಾರೆ ನೋಡಿದೀನಿ. ದಯವಿಟ್ಟು ಬೇಡ.

ಹಂತ 3: ಟೇಪು, ಎರಡು ಕ್ರೇಟು ತಗೊಂಡು ಶೋರೂಮಿಗೆ ಹೋಗಿ

ಇದನ್ನ ಯಾರೂ ಮಾಡಲ್ಲ, ಆದ್ರೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ತಮ್ಮನ ಗಾಡಿ ನೋಡೋಕೆ ಹೋದಾಗ ಖಾಲಿ ಕ್ರೇಟ್ ಎರಡು ಕಾರಿನ ಡಿಕ್ಕೀಲಿ ಹಾಕ್ಕೊಂಡು ಹೋಗಿದ್ವಿ, ಕ್ರೇಟು 54 ಸೆಂ.ಮೀ ಉದ್ದ, 36 ಅಗಲ. ಒಂದು ಗಾಡಿ ಡೆಕ್ಕು, ಅಂದ್ರೆ ಹಿಂದೆ ಲೋಡ್ ಹಾಕೋ ಜಾಗ, 269 ಸೆಂ.ಮೀ ಉದ್ದ ಇತ್ತು. ಐದು ಕ್ರೇಟು ಉದ್ದುದ್ದಕ್ಕೆ ಇಟ್ರೆ 270 ಬೇಕು, ಒಂದೇ ಒಂದು ಸೆಂ.ಮೀಗೆ ಐದನೇ ಸಾಲು ತಪ್ಪೋಯ್ತು! ಪಕ್ಕದಲ್ಲಿದ್ದ ಇನ್ನೊಂದು ಗಾಡಿ 296 ಸೆಂ.ಮೀ, ಐದು ಸಾಲು ಆರಾಮಾಗಿ ಕೂತ್ಕೊಂಡ್ವು. ಅಗಲಕ್ಕೆ ಎರಡರಲ್ಲೂ ನಾಲ್ಕೇ. ಅಂದ್ರೆ ಮೊದಲ್ನೇದರಲ್ಲಿ ಒಂದು ಪದರಕ್ಕೆ 16 ಕ್ರೇಟು, ಎರಡನೇದರಲ್ಲಿ 20. ಐದು ಪದರ ಎತ್ತರ ಹಾಕಿದ್ರೆ 80 ಮತ್ತು 100. ಬ್ರೋಷರ್ ನೋಡಿದ್ರೆ ಒಂದಡಿಗೂ ಕಮ್ಮಿ ವ್ಯತ್ಯಾಸ, ಟ್ರಿಪ್ಪಿಗೆ 20 ಬಾಕ್ಸ್ ಬಾಡಿಗೆ ವ್ಯತ್ಯಾಸ. ಅಷ್ಟು ತೂಕ ಗಾಡಿ ಹೊರುತ್ತಾ ಅನ್ನೋದು ಹಂತ 2ರ ಪ್ರಶ್ನೆ, ಟೊಮೆಟೊಗೆ 100 ಕ್ರೇಟ್ ಜಾಗ ಇದ್ರೂ ತೂಕ ಬಿಡಲ್ಲ, ಆದ್ರೆ ಕ್ಯಾಪ್ಸಿಕಂ, ಬೀನ್ಸು, ಹೂವು ಹಾಕೋರಿಗೆ ತೂಕಕ್ಕಿಂತ ಮುಂಚೆ ಜಾಗ ಮುಗಿದುಹೋಗುತ್ತೆ. ಮೂಟೆ, ಗ್ಯಾಸ್ ಸಿಲಿಂಡರ್, ಹಾಲಿನ ಕ್ಯಾನ್, ಟೈಲ್ಸ್ ನಿಮ್ಮದೇನೋ ಅದನ್ನ ಅಳತೆ ಹಾಕಿ.

ಡೆಕ್ಕಿನ ಎತ್ತರಾನೂ ನೋಡಿ, ನೆಲದಿಂದ ಎತ್ತರ ಜಾಸ್ತಿ ಇದ್ರೆ ದಿನಾ ನೂರು ಸಲ ಎತ್ತೋನ ಸೊಂಟ ಹೋಗುತ್ತೆ.

ಹಂತ 4: ಡೀಸೆಲ್ಲಾ, ಪೆಟ್ರೋಲಾ, ಸಿಎನ್‌ಜಿನಾ, ಕರೆಂಟಾ

ಸುಮ್ನೆ ಒಳ್ಳೇದು ಕೆಟ್ಟದ್ದು ಅಂತ ಇಲ್ಲ, ದಿನಕ್ಕೆ ಎಷ್ಟು ಕಿ.ಮೀ, ಯಾವ ರೋಡು ಅನ್ನೋದರ ಮೇಲೆ ಹೋಗುತ್ತೆ.

ಡೀಸೆಲ್ ಒಂದು ಲೀಟರಲ್ಲಿ ಪೆಟ್ರೋಲ್ ಲೀಟರಿಗಿಂತ ಶೇ. 10ಕ್ಕೂ ಜಾಸ್ತಿ ಶಕ್ತಿ ಇರುತ್ತೆ, ಎಂಜಿನ್ನೂ ಅದನ್ನ ಚೆನ್ನಾಗಿ ಉಪಯೋಗಿಸ್ಕೊಳ್ಳುತ್ತೆ, ಅದಕ್ಕೇ ಲೋಡ್ ಹಾಕಿದಾಗ ಪೆಟ್ರೋಲ್ ಗಾಡಿ ಮೈಲೇಜ್ ಬಿದ್ದಷ್ಟು ಡೀಸೆಲ್ ಗಾಡೀದು ಬೀಳಲ್ಲ. ಆದ್ರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗಿಂದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರೀಲಿ ಡಿಪಿಎಫ್ ಅಂತ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಗಾಡಿ ಹೈವೇಲಿ ಒಂದೇ ಸ್ಪೀಡಲ್ಲಿ ಓಡಿದ್ರೆ ಆ ಬಿಸಿಗೆ ಮಸಿ ಸುಟ್ಟುಹೋಗುತ್ತೆ. ನಮ್ಮ ಸಂಬಂಧಿಕರೊಬ್ಬರು ಸಿಟೀಲಿ ವಾಟರ್ ಕ್ಯಾನ್ ಹಾಕ್ತಾರೆ, ಒಂದೊಂದು ಟ್ರಿಪ್ಪು ಏಳೆಂಟು ಕಿ.ಮೀ, ಅದರಲ್ಲೂ ನಿಲ್ಲಿಸಿ ನಿಲ್ಲಿಸಿ ಹೋಗೋದು, ಡೀಸೆಲ್ ಗಾಡಿ ತಗೊಂಡು ಎರಡು ತಿಂಗಳಿಗೊಂದ್ಸಲ ಮೀಟರ್ ಬೋರ್ಡಲ್ಲಿ ಲೈಟ್ ಬಂದು ವರ್ಕ್‌ಶಾಪಲ್ಲಿ ನಿಲ್ಲೋದು, ಕೊನೇಗೆ ಮಾರಿ ಸಿಎನ್‌ಜಿಗೆ ಹೋದ್ರು. ಊರೊಳಗೇ ಓಡಿಸೋರು ಡೀಸೆಲ್ ಬಗ್ಗೆ ಎರಡು ಸಲ ಯೋಚಿಸಿ.

ಸಿಎನ್‌ಜಿ ಖರ್ಚು ಕಮ್ಮಿ ನಿಜ, ಆದ್ರೆ ಸಿಲಿಂಡರ್ ತೂಕ ಲೋಡಿಂದ ಹೋಗುತ್ತೆ. ಸೂಪರ್ ಕ್ಯಾರಿ ಪೆಟ್ರೋಲ್ 740 ಕೆಜಿ ಹೊತ್ರೆ ಸಿಎನ್‌ಜಿ 625 ಮಾತ್ರ, ಜೊತೆಗಿರೋ ಪೆಟ್ರೋಲ್ ಟ್ಯಾಂಕು ಐದೇ ಲೀಟರ್, ಅಂದ್ರೆ ಬಂಕ್ ಸಿಗೋವರೆಗೂ ಹೋಗೋಕೆ ಅಷ್ಟೇ. ನಿಮ್ಮ ದಾರೀಲಿ ಸಿಎನ್‌ಜಿ ಬಂಕ್ ಎಲ್ಲಿದೆ, ನೀವು ಹೋಗೋ ಹೊತ್ತಲ್ಲಿ ಕ್ಯೂ ಎಷ್ಟಿರುತ್ತೆ ಅಂತ ಎರಡು ದಿನ ಹೋಗಿ ನಿಂತು ನೋಡಿ. ಬೆಳಗಿನ ಜಾವ ಮಾರ್ಕೆಟ್ ಸೇರಬೇಕಾದ ಮಾಲು ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತ್ರೆ ರೇಟ್ ಬಿದ್ದುಹೋಗಿರುತ್ತೆ, ಉಳಿಸಿದ ಗ್ಯಾಸ್ ದುಡ್ಡು ಅದಕ್ಕೆ ಸಾಲಲ್ಲ. ಸಿಲಿಂಡರ್‌ಗೆ ಮೂರು ವರ್ಷಕ್ಕೊಂದ್ಸಲ ಟೆಸ್ಟಿಂಗ್ ಕಡ್ಡಾಯ ಅನ್ನೋದೂ ನೆನಪಿರಲಿ.

ಎಲೆಕ್ಟ್ರಿಕ್ ಗಾಡಿ ದಿನಾ ಒಂದೇ ರೂಟು, ನೂರು ಕಿ.ಮೀ ಒಳಗೆ, ರಾತ್ರಿ ಒಂದೇ ಕಡೆ ನಿಲ್ಲೋ ಕೆಲಸಕ್ಕೆ ಸರಿ. ಹಾಲು, ಕೊರಿಯರ್, ಬೇಕರಿ ಇಂಥಾದ್ದು. ಹಳ್ಳೀಲಿ ತ್ರೀ ಫೇಸ್ ಬರೋ ಟೈಮ್ ನೋಡ್ಕೊಂಡು ಮೋಟಾರ್ ಹಾಕೋ ನಮ್ಮಂಥೋರಿಗೆ ನನ್ನ ಮಟ್ಟಿಗೆ ಇನ್ನೂ ಬೇಡ.

ಹಂತ 5: ನಿಜವಾದ ಮೈಲೇಜ್ ನೀವೇ ಅಳೀರಿ

ಕಂಪನಿ ಅಂಕಿ ಲ್ಯಾಬಲ್ಲಿ ರೋಲರ್ ಮೇಲೆ ಗಾಡಿ ನಿಲ್ಲಿಸಿ, ನಿಗದಿ ಮಾಡಿದ ಸ್ಪೀಡಲ್ಲಿ ಓಡಿಸಿ ತೆಗೆದದ್ದು. ಎಲ್ಲಾ ಗಾಡಿಗೂ ಒಂದೇ ಥರ ಟೆಸ್ಟ್ ಮಾಡಿರೋದ್ರಿಂದ ಯಾವುದು ಮೇಲೆ ಯಾವುದು ಕೆಳಗೆ ಅಂತ ಅಂದಾಜು ಸಿಗುತ್ತೆ, ನಿಮ್ಮ ಜೇಬಿನ ಲೆಕ್ಕ ಸಿಗಲ್ಲ.

ಅದಕ್ಕೆ ನೀವು ನೋಡ್ತಿರೋ ಮಾಡೆಲ್ಲೇ ಓಡಿಸೋ ಒಬ್ಬರನ್ನ ಹಿಡೀರಿ. ಓನರ್‌ನ ಕೇಳ್ಬೇಡಿ, ಡ್ರೈವರ್‌ನ ಕೇಳಿ. ಓನರ್ ತಾನು ತಗೊಂಡ ಗಾಡಿನ ಬಿಟ್ಟುಕೊಡಲ್ಲ, ಡ್ರೈವರ್ ಇದ್ದಿದ್ದು ಇದ್ದಂಗೆ ಹೇಳ್ತಾನೆ. ಮಂಡಿ ಯಾರ್ಡಲ್ಲಿ ಬೆಳಿಗ್ಗೆ ಐದು ಗಂಟೆಗೆ ಟೀ ಅಂಗಡಿ ಹತ್ರ ನಿಂತ್ರೆ ಒಂದು ಗಂಟೇಲಿ ಹತ್ತು ಜನ ಸಿಗ್ತಾರೆ. "ಮೈಲೇಜ್ ಎಷ್ಟು" ಅಂತ ಕೇಳ್ಬೇಡಿ, "ಮೊನ್ನೆ ಎಷ್ಟಕ್ಕೆ ಹಾಕಿಸಿದ್ರಿ, ಎಲ್ಲಿಗೆ ಹೋಗಿಬಂದ್ರಿ, ಲೋಡ್ ಏನಿತ್ತು" ಅಂತ ಕೇಳಿ, ಲೆಕ್ಕ ನೀವು ಹಾಕ್ಕೊಳ್ಳಿ.

ಆಗೋದಾದ್ರೆ ಡೆಮೋ ಗಾಡಿ ಕೇಳಿ, ನಿಮ್ಮ ಲೋಡ್ ಹಾಕಿ ನಿಮ್ಮ ರೋಡಲ್ಲೇ ಓಡಿಸಿ. ತುಂಬಾ ಡೀಲರ್‌ಗಳು ಡೆಮೋ ಗಾಡಿ ಇಟ್ಟಿರ್ತಾರೆ, ಗಟ್ಟಿಯಾಗಿ ಕೇಳಿದ್ರೆ ಕೊಡ್ತಾರೆ, ಡೀಸೆಲ್ ನಮ್ದು ಅಂದ್ರೆ ಇಲ್ಲ ಅನ್ನಲ್ಲ. ಅಳೆಯೋ ವಿಧಾನ ಹೀಗೆ. ಒಂದು ಬಂಕಲ್ಲಿ ನಾಝಲ್ ತಾನಾಗೇ ಕಟ್ ಆಗೋವರೆಗೂ ಹಾಕಿಸಿ, ಅಲ್ಲಿಗೆ ಸ್ಟಾಪ್, ರೌಂಡ್ ಫಿಗರ್ ಮಾಡೋಕೆ ಹೋಗ್ಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕಮ್ಮಿ ಅಂದ್ರೂ 300 ಕಿ.ಮೀ ಓಡಿಸಿ, ಐವತ್ತು ಕಿ.ಮೀ ಓಡಿಸಿ ಅಳೆದ್ರೆ ಅರ್ಧ ಲೀಟರ್ ಆಚೀಚೆ ಆದ್ರೂ ಅಂಕಿ ಸುಳ್ಳಾಗುತ್ತೆ. ವಾಪಸ್ ಅದೇ ಬಂಕು, ಆದಷ್ಟು ಅದೇ ಪಂಪು, ಗಾಡಿ ಅದೇ ದಿಕ್ಕಿಗೆ ನಿಲ್ಲಿಸಿ ಮತ್ತೆ ಕಟ್ ಆಗೋವರೆಗೂ ಹಾಕಿಸಿ. ಓಡಿದ ಕಿ.ಮೀನ ಈಗ ಹಿಡಿಸಿದ ಲೀಟರಿಂದ ಭಾಗಿಸಿ. ಹೈವೇ ಕಿಲೋಮೀಟರ್ ಕಲ್ಲು ನೋಡ್ಕೊಂಡು ಹತ್ತು ಕಿ.ಮೀಗೆ ಮೀಟರ್ ಎಷ್ಟು ತೋರಿಸುತ್ತೆ ಅಂತಲೂ ನೋಡಿ, ಮೀಟರೇ ಜಾಸ್ತಿ ಓಡ್ತಿದ್ರೆ ಮೈಲೇಜೂ ಜಾಸ್ತಿ ಕಾಣುತ್ತೆ.

ಎರಡು ಗಾಡಿ ಹೋಲಿಸೋವಾಗ ಡ್ರೈವರ್ ಒಬ್ಬನೇ ಇರಬೇಕು, ಸ್ಪೀಡ್ ಒಂದೇ ಇರಬೇಕು. ಗಾಳಿ ತಡೆ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, 60ರಲ್ಲಿ ಹೋಗೋ ಗಾಡಿ 80ಕ್ಕೆ ಏರಿದ್ರೆ ಗಾಳಿ ಒತ್ತೋದು ಮುಕ್ಕಾಲು ಪಾಲಿಗಿಂತ ಜಾಸ್ತಿ ಆಗುತ್ತೆ. ಕ್ಯಾಬಿನ್‌ಗಿಂತ ಎತ್ತರಕ್ಕೆ ಕ್ರೇಟ್ ಪೇರಿಸಿ, ಟಾರ್ಪಾಲ್ ಸಡಿಲ ಬಿಟ್ಟು ಪಟಪಟ ಅನಿಸ್ಕೊಂಡು ಹೋಗೋ ಗಾಡಿ ಡೀಸೆಲ್ ಗಾಳಿಗೆ ಹೋಗ್ತಿದೆ ಅಂತಲೇ ಲೆಕ್ಕ. ಇನ್ನೊಂದು, ಘಾಟಿ ಇಳಿಯೋವಾಗ ನ್ಯೂಟ್ರಲ್ ಮಾಡಿದ್ರೆ ಮೈಲೇಜ್ ಬರುತ್ತೆ ಅಂತ ಹಳೇ ಡ್ರೈವರ್‌ಗಳು ಈಗಲೂ ಹೇಳ್ತಾರೆ, ಈಗಿನ ಎಂಜಿನ್‌ಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಡೀಸೆಲ್ ಸಪ್ಲೈ ಪೂರ್ತಿ ಕಟ್ ಆಗುತ್ತೆ, ನ್ಯೂಟ್ರಲ್‌ಗೆ ಹಾಕಿದ್ರೇ ಎಂಜಿನ್ ಐಡಲ್ ಓಡೋಕೆ ಡೀಸೆಲ್ ಕುಡಿಯೋದು. ಶಿರಾಡೀಲೋ ಚಾರ್ಮಾಡೀಲೋ ಲೋಡ್ ಗಾಡಿ ನ್ಯೂಟ್ರಲಲ್ಲಿ ಇಳಿಸೋದು ಜೀವಕ್ಕೇ ಅಪಾಯ, ಉಳಿಯೋದು ಏನೂ ಇಲ್ಲ.

ಹಂತ 6: ಕೆಜಿಗೆ ಎಷ್ಟು ಪೈಸೆ

ಈಗ ನಿಜವಾದ ಹೋಲಿಕೆ. ನಮ್ಮೂರಿಂದ ಬೆಂಗಳೂರು ಕೆ.ಆರ್. ಮಾರ್ಕೆಟ್ಟಿಗೆ ಹೋಗಿಬರೋದು 150 ಕಿ.ಮೀ ಅಂತ ಇಟ್ಕೊಳ್ಳಿ, ಹೋಗೋವಾಗ ಲೋಡು, ಬರೋವಾಗ ಖಾಲಿ. ಡೀಸೆಲ್ 91, ಪೆಟ್ರೋಲ್ 103, ಸಿಎನ್‌ಜಿ 90 ರೂಪಾಯಿ ಅಂತ ಹಿಡೀತೀನಿ, ನೀವು ಅವತ್ತಿನ ರೇಟ್ ಹಾಕ್ಕೊಳ್ಳಿ. ಮೈಲೇಜ್ ಅಂಕಿಗಳೂ ಲೆಕ್ಕ ತೋರಿಸೋಕೆ ಅಷ್ಟೇ, ನೀವು ಅಳೆದಿದ್ದನ್ನ ಅಲ್ಲಿ ಕೂರಿಸಿ.

ಮುಕ್ಕಾಲು ಟನ್ ಪೆಟ್ರೋಲ್ ಗಾಡಿ 15 ಕೊಟ್ರೆ ಹತ್ತು ಲೀಟರ್, 1,030 ರೂಪಾಯಿ, 750 ಕೆಜಿಗೆ ಹಂಚಿದ್ರೆ ಕೆಜಿಗೆ 1 ರೂಪಾಯಿ 37 ಪೈಸೆ.
1.3 ಟನ್ ಡೀಸೆಲ್ ಗಾಡಿ 14 ಕೊಟ್ರೆ 975 ರೂಪಾಯಿ, ಕೆಜಿಗೆ 75 ಪೈಸೆ.
1.7 ಟನ್ ಡೀಸೆಲ್ ಗಾಡಿ 11.5 ಕೊಟ್ರೆ 1,187 ರೂಪಾಯಿ, ಕೆಜಿಗೆ 70 ಪೈಸೆ.
ಒಂದು ಟನ್ ಹೊರೋ ಸಿಎನ್‌ಜಿ ಗಾಡಿ ಕೆಜಿ ಗ್ಯಾಸಿಗೆ 18 ಓಡಿದ್ರೆ 750 ರೂಪಾಯಿ, ಅದೂ ಕೆಜಿಗೆ 75 ಪೈಸೆನೇ.

ನೋಡಿ, ಲೀಟರ್ ಮೈಲೇಜಲ್ಲಿ ಮೊದಲು ಇದ್ದ ಪೆಟ್ರೋಲ್ ಗಾಡಿ ಕೆಜಿ ಲೆಕ್ಕಕ್ಕೆ ಕೊನೇಗೆ ಹೋಯ್ತು, 11.5 ಕೊಟ್ಟು ಎಲ್ಲರ ಕೈಲಿ ಬೈಸ್ಕೊಳ್ಳೋ ದೊಡ್ಡ ಗಾಡಿ ಮೊದಲು ಬಂತು. ಆದ್ರೆ ಇದು ತುಂಬಿದ ಲೋಡಿಗೆ. ಅದೇ ದೊಡ್ಡ ಗಾಡೀಲಿ ಬರೀ 1,000 ಕೆಜಿ ಹಾಕ್ಕೊಂಡು ಹೋದ್ರೆ ಕೆಜಿಗೆ 1 ರೂಪಾಯಿ 19 ಪೈಸೆ, 1.3 ಟನ್ ಗಾಡೀಲಿ ಅದೇ ಲೋಡು 98 ಪೈಸೆ (ಲೋಡ್ ಕಮ್ಮಿ ಇದ್ದಾಗ ಮೈಲೇಜ್ ಸ್ವಲ್ಪ ಏರುತ್ತೆ, ಎರಡಕ್ಕೂ ಏರುತ್ತೆ, ಅದಕ್ಕೆ ಬಿಟ್ಟಿದೀನಿ). ಇನ್ನೂ ಕೆಳಗೆ 700 ಕೆಜಿಗೆ ಬಂದ್ರೆ ಪುಟ್ಟ ಪೆಟ್ರೋಲ್ ಗಾಡಿ 1.47, 1.3 ಟನ್ ಡೀಸೆಲ್ 1.39, ವ್ಯತ್ಯಾಸ ಎಂಟೇ ಪೈಸೆ, ಅಲ್ಲಿ ಕಂತು ಕಮ್ಮಿ ಇರೋ ಪುಟ್ಟ ಗಾಡಿನೇ ಗೆಲ್ಲೋದು. ಹಂತ 1ರಲ್ಲಿ ಹದಿನೈದು ದಿನ ಬರೀರಿ ಅಂದಿದ್ದು ಇದಕ್ಕೇ. ನಿಮ್ಮ ಸರಾಸರಿ ಲೋಡ್ ಗೊತ್ತಿಲ್ದೇ ಯಾವ ಗಾಡಿ ಅಗ್ಗ ಅಂತ ಯಾರ ಕೈಲೂ ಹೇಳೋಕಾಗಲ್ಲ. ರಿಟರ್ನ್ ಲೋಡ್ ಗ್ಯಾರಂಟಿ ಸಿಗೋ ಹಾಗಿದ್ರೆ, ಗೊಬ್ಬರನೋ ಕಿರಾಣಿನೋ ಏನಾದ್ರೂ, ಎರಡೂ ಕಡೆ ತೂಕ ಕೂಡಿಸಿ ಭಾಗಿಸಿ, ಪೂರ್ತಿ ಲೆಕ್ಕ ಬದಲಾಗುತ್ತೆ.

ಹಂತ 7: ಕಂತು, ಇನ್ಶೂರೆನ್ಸ್, ಟ್ಯಾಕ್ಸ್

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಇಲ್ಲದ ಬೆಲೆ 8 ಲಕ್ಷ ಇದ್ದ ಗಾಡಿಗೆ 80,000 ಕಮ್ಮಿ ಆಗಿದೆ ಅಂತ ಅರ್ಥ. ಕೊಟೇಶನ್ ತಗೊಂಡಾಗ ಎಕ್ಸ್ ಶೋರೂಮ್, ಟ್ಯಾಕ್ಸು, ಇನ್ಶೂರೆನ್ಸು, ಬಾಡಿ, ಆಕ್ಸೆಸರೀಸ್ ಎಲ್ಲಾ ಬಿಡಿಬಿಡಿಯಾಗಿ ಬರೆಸ್ಕೊಳ್ಳಿ.

ಬಡ್ಡೀಲಿ ಜನ ಮೋಸ ಹೋಗೋದು ಫ್ಲಾಟ್ ರೇಟಲ್ಲಿ, ಅಂದ್ರೆ ಕಟ್ಟಿದ ಅಸಲು ಕಳೀದೇ ಕೊನೇವರೆಗೂ ಪೂರ್ತಿ ಸಾಲಕ್ಕೇ ಬಡ್ಡಿ ಹಾಕೋದು. "7 ಪರ್ಸೆಂಟ್ ಅಷ್ಟೇ ಅಣ್ಣ" ಅಂತಾರೆ. ಲಕ್ಷಕ್ಕೆ ನಾಲ್ಕು ವರ್ಷಕ್ಕೆ 7 ಫ್ಲಾಟ್ ಅಂದ್ರೆ ಬಡ್ಡಿ 28,000, ತಿಂಗಳ ಕಂತು 2,667. ಬ್ಯಾಂಕಿನವರು ಹೇಳೋ ರೆಡ್ಯೂಸಿಂಗ್ (ಉಳಿದ ಅಸಲಿಗೆ ಮಾತ್ರ ಬಡ್ಡಿ) ಲೆಕ್ಕಕ್ಕೆ ತಿರುಗಿಸಿದ್ರೆ ಅದು ಹನ್ನೆರಡೂವರೆ ಪರ್ಸೆಂಟಿಗೂ ಮೇಲೆ. ಅದೇ 10.5 ರೆಡ್ಯೂಸಿಂಗ್ ಸಾಲ ಸಿಕ್ರೆ ಲಕ್ಷಕ್ಕೆ ಕಂತು 2,560. ಹಾಗಾಗಿ ಪರ್ಸೆಂಟ್ ಕೇಳ್ಬೇಡಿ, ಲಕ್ಷಕ್ಕೆ ಕಂತು ಎಷ್ಟು ಅಂತ ಕೇಳಿ, ಎರಡು ಮೂರು ಕಡೆ ಹೋಲಿಸಿ.

ಈ ಕಂತನ್ನ ಕಿಲೋಮೀಟರಿಗೆ ಇಳಿಸಿ ನೋಡಿದ್ರೆ ಮೈಲೇಜಿನ ಜೊತೆ ತೂಗೋಕೆ ಆಗುತ್ತೆ. ತಿಂಗಳಿಗೆ 25 ದಿನ, ದಿನಕ್ಕೆ 150 ಕಿ.ಮೀ, ಒಟ್ಟು 3,750 ಕಿ.ಮೀ. ಎರಡು ಲಕ್ಷ ಜಾಸ್ತಿ ಬೆಲೆಯ ಗಾಡಿ ತಗೊಂಡ್ರೆ ತಿಂಗಳಿಗೆ 5,120 ಹೆಚ್ಚು ಕಂತು, ಕಿ.ಮೀಗೆ 1 ರೂಪಾಯಿ 37 ಪೈಸೆ. ಅಗ್ಗದ ಗಾಡಿ 12 ಕೊಡೋದಾದ್ರೆ, ದುಬಾರಿ ಗಾಡಿ ಬರೀ ಡೀಸೆಲ್ಲಲ್ಲೇ ಆ ದುಡ್ಡು ವಾಪಸ್ ತರೋಕೆ 14.6ರ ಮೇಲೆ ಕೊಡಬೇಕು. ದಿನಕ್ಕೆ 60 ಕಿ.ಮೀ ಓಡಿಸೋರಿಗಂತೂ ಮೈಲೇಜಿಗೋಸ್ಕರ ದುಬಾರಿ ಗಾಡಿ ತಗೊಳ್ಳೋದರಲ್ಲಿ ಅರ್ಥಾನೇ ಇಲ್ಲ.

ಇನ್ಶೂರೆನ್ಸಲ್ಲಿ ಒಂದು ವಿಷಯ, ಥರ್ಡ್ ಪಾರ್ಟಿ ಪ್ರೀಮಿಯಂ 7,500 ಕೆಜಿ ಒಳಗಿನ ನಾಲ್ಕು ಚಕ್ರದ ಸರಕು ಗಾಡಿಗಳಿಗೆಲ್ಲ ಒಂದೇ ಸ್ಲ್ಯಾಬ್, 2022ರಲ್ಲಿ ನಿಗದಿಯಾದ ದರ 16,049 ರೂಪಾಯಿ, ಜಿಎಸ್‌ಟಿ ಬೇರೆ. ಮುಕ್ಕಾಲು ಟನ್ ಗಾಡಿಗೂ ಅಷ್ಟೇ, ಎರಡು ಟನ್ ಗಾಡಿಗೂ ಅಷ್ಟೇ. ಪುಟ್ಟ ಗಾಡಿ ತಗೊಂಡ್ರೆ ಎಲ್ಲಾ ಖರ್ಚೂ ಪುಟ್ಟದು ಅನ್ಕೊಂಡವರು ಇಲ್ಲಿ ಬೆಚ್ಚಿಬೀಳ್ತಾರೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಂಟು ವರ್ಷದವರೆಗೂ ಎರಡೆರಡು ವರ್ಷಕ್ಕೆ, ಆಮೇಲೆ ವರ್ಷ ವರ್ಷ.

ಹಂತ 8: ಐದು ವರ್ಷ ಆದ್ಮೇಲೆ ಎಷ್ಟಕ್ಕೆ ಹೋಗುತ್ತೆ

ಮೈಲೇಜ್ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಮಾಡೋ ನಾವು ಇದನ್ನ ಕೇಳೋದೇ ಇಲ್ಲ, ನನ್ನ ಪ್ರಕಾರ ಇದು ಮೈಲೇಜಷ್ಟೇ ದೊಡ್ಡದು. ವರ್ಷಕ್ಕೆ 45,000 ಕಿ.ಮೀ, ಐದು ವರ್ಷಕ್ಕೆ 2,25,000. ಮಾರೋವಾಗ ಒಂದು ಲಕ್ಷ ಜಾಸ್ತಿ ಸಿಕ್ರೆ ಕಿ.ಮೀಗೆ 44 ಪೈಸೆ ಉಳೀತು. ಮೈಲೇಜ್ 13ರಿಂದ 14ಕ್ಕೆ ಏರಿದ್ರೆ ಉಳಿಯೋದು 50 ಪೈಸೆ. ಅಂದ್ರೆ ಲೀಟರಿಗೆ ಒಂದು ಕಿ.ಮೀ ಜಾಸ್ತಿ ಕೊಡೋ ಗಾಡಿನೂ, ಮಾರೋವಾಗ ಒಂದು ಲಕ್ಷ ಜಾಸ್ತಿ ತರೋ ಗಾಡಿನೂ ಹೆಚ್ಚುಕಮ್ಮಿ ಸಮ. ಹಳ್ಳಿ ಕಡೆ ಬೊಲೆರೋ ಪಿಕಪ್ ಮೈಲೇಜ್ ಕಮ್ಮಿ ಅಂತ ಗೊತ್ತಿದ್ರೂ ಜನ ಬಿಡದೇ ಇರೋದು ಇದೇ ಲೆಕ್ಕಕ್ಕೆ, ಯಾವ ಊರಲ್ಲಾದ್ರೂ ಮೆಕ್ಯಾನಿಕ್ ಕೈ ಹಾಕ್ತಾನೆ, ಸಂತೇಲೂ ಗಿರಾಕಿ ಸಿಗ್ತಾರೆ.

ಸೆಕೆಂಡ್ ಹ್ಯಾಂಡ್ ಆಪ್‌ಗಳಲ್ಲಿ ನಿಮ್ಮ ಜಿಲ್ಲೇಲಿ ಐದು ವರ್ಷದ ಅದೇ ಮಾಡೆಲ್ ಎಷ್ಟಕ್ಕೆ ಹಾಕಿದಾರೆ ನೋಡಿ, ಹತ್ತು ಗಾಡಿ ಬೆಲೆ ಬರ್ಕೊಂಡು, ಅದರಿಂದ ಸ್ವಲ್ಪ ಇಳಿಸಿ ಹಿಡೀರಿ, ಯಾಕಂದ್ರೆ ಹಾಕಿದ ಬೆಲೆಗೆ ಯಾರೂ ಕೊಡಲ್ಲ.

ಸರ್ವೀಸಿಗೆ ಎಷ್ಟು ಕಿ.ಮೀಗೊಂದ್ಸಲ ಹೋಗ್ಬೇಕು, ಕ್ಲಚ್ ಪ್ಲೇಟ್ ಸೆಟ್ ಎಷ್ಟು, ಟೈರ್ ಒಂದಕ್ಕೆ ಎಷ್ಟು, ಹಿಂದಿನ ಸ್ಪ್ರಿಂಗ್ ಪ್ಲೇಟ್ ಎಷ್ಟು ಅಂತ ಈ ನಾಲ್ಕು ರೇಟನ್ನ ಸ್ಪೇರ್ಸ್ ಕೌಂಟರಲ್ಲಿ ಹೋಗಿ ಕೇಳಿ, ಸೇಲ್ಸ್ ಕಡೆ ಅಲ್ಲ. ಸರ್ವೀಸ್ ಸೆಂಟರ್ ಎಷ್ಟು ದೂರ ಅನ್ನೋದನ್ನ ಮರೀಬೇಡಿ, ಅರವತ್ತು ಕಿ.ಮೀ ದೂರ ಇದ್ರೆ ಪ್ರತಿ ಸರ್ವೀಸಿಗೂ ಒಂದು ದಿನದ ಬಾಡಿಗೆ ಹೋಯ್ತು.

ಸೆಕೆಂಡ್ ಹ್ಯಾಂಡೇ ತಗೊಳ್ಳೋದಾದ್ರೆ

ಚಿಕ್ಕದಾಗಿ ಹೇಳ್ತೀನಿ. ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ಫೈನಾನ್ಸ್ ಇದೆಯಾ ನೋಡಿ, ಸಾಲ ತೀರಿದ್ರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರಂ 35 ಕೈಗೆ ಬಂದ್ಮೇಲೇ ಪೂರ್ತಿ ದುಡ್ಡು. ಜಿಎಸ್‌ಟಿ ಇಳಿದಿರೋದ್ರಿಂದ ಅದಕ್ಕೆ ಮುಂಚೆ ತಗೊಂಡೋರು ಹಳೇ ಬೆಲೆ ತಲೇಲಿಟ್ಕೊಂಡು ರೇಟ್ ಹೇಳ್ತಾರೆ, ನೀವು ಈಗಿನ ಹೊಸ ಗಾಡಿ ಬೆಲೆ ಇಟ್ಕೊಂಡು ಇಳಿಸಿ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಚಪ್ಪಟೆ ಆಗಿದೆಯಾ, ಚಾಸಿ ಮೇಲೆ ವೆಲ್ಡಿಂಗ್ ಗುರುತು ಇದೆಯಾ ಬಗ್ಗಿ ನೋಡಿ, ಇದ್ರೆ ಆ ಗಾಡಿ ಜೀವನಪೂರ್ತಿ ಓವರ್‌ಲೋಡಲ್ಲಿ ಓಡಿದೆ, ಮೀಟರ್ ಏನೇ ತೋರಿಸಲಿ ಬಿಟ್ಟುಬಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರೋವಾಗಲೇ ಸ್ಟಾರ್ಟ್ ಮಾಡ್ಸಿ, ನೀವು ಹೋಗೋ ಹೊತ್ತಿಗೆ ಬಿಸಿ ಮಾಡಿ ನಿಲ್ಲಿಸಿದ್ರೆ ಇನ್ನೊಂದು ದಿನ ಹೇಳದೇ ಹೋಗಿ.

ಕೊನೇ ಹಂತ: ಗಾಡಿ ಮನೆಗೆ ಬಂದ್ಮೇಲೆ

ಡೆಲಿವರಿ ದಿನ ಟೈರ್ ಪ್ರೆಶರ್ ನೀವೇ ಚೆಕ್ ಮಾಡ್ಸಿ, ಲೋಡ್ ಇದ್ದಾಗ ಎಷ್ಟು, ಖಾಲಿ ಇದ್ದಾಗ ಎಷ್ಟು ಅಂತ ಬಾಗಿಲ ಹತ್ರ ಸ್ಟಿಕ್ಕರಲ್ಲೋ ಮ್ಯಾನ್ಯುಯಲ್‌ನಲ್ಲೋ ಬರೆದಿರುತ್ತೆ, ಹಿಂದಿನ ಟೈರಿಗೂ ಮುಂದಿನ ಟೈರಿಗೂ ಬೇರೆ ಬೇರೆ. ನಮ್ಮಲ್ಲಿ ನಾಲ್ಕಕ್ಕೂ ಒಂದೇ ಹೊಡೆದು ಕಳಿಸ್ತಾರೆ. ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದ್ದು ಒಂದು ಟನ್ ಮೇಲೆ ಹಾಕಿದ್ರೆ ಟೈರೂ ಸವೆಯುತ್ತೆ, ಡೀಸೆಲ್ಲೂ ಹೋಗುತ್ತೆ.

ಮೊದಲ ಎರಡು ಮೂರು ಸಾವಿರ ಕಿ.ಮೀ ಮೈಲೇಜ್ ಸ್ವಲ್ಪ ಕಮ್ಮಿನೇ ಬರುತ್ತೆ, ಎಂಜಿನ್ ಇನ್ನೂ ಸೆಟ್ ಆಗ್ತಿರುತ್ತೆ, ಗಾಬರಿ ಬೀಳ್ಬೇಡಿ. ಅದೇ ನೋಟ್‌ಬುಕ್ಕಲ್ಲಿ ಮುಂದಿನ ಪುಟ ತೆಗೆದು ತಾರೀಖು, ಮೀಟರ್, ಲೀಟರ್, ಲೋಡು ಅಂತ ನಾಲ್ಕು ಗೆರೆ ಎಳೆದು ಡ್ಯಾಶ್‌ಬೋರ್ಡ್ ಮೇಲೆ ಪೆನ್ ಸಮೇತ ಇಡಿ. ನಮ್ಮ ಗಾಡೀಲಿ ಒಂದು ಸಲ ಎರಡು ವಾರದಲ್ಲಿ 14ರಿಂದ 12.5ಕ್ಕೆ ಬಿತ್ತು, ನೋಟ್‌ಬುಕ್ ಇದ್ದಿದ್ರಿಂದ ಕಣ್ಣಿಗೆ ಬಿತ್ತು, ಹೋಗಿ ನೋಡಿದ್ರೆ ಹಿಂದಿನ ಎಡಗಡೆ ಚಕ್ರದ ಬ್ರೇಕ್ ಪೂರ್ತಿ ಬಿಡ್ತಿರಲಿಲ್ಲ, ಡ್ರಮ್ಮು ಕೈ ಇಡೋಕಾಗದಷ್ಟು ಬಿಸಿ. ಅರ್ಧ ದಿನದ ಕೆಲಸದಲ್ಲಿ ಸರಿ ಮಾಡಿಸಿದ್ವಿ, ಮುಂದಿನ ಟ್ಯಾಂಕಿಗೆ 13.8 ಬಂತು.